ಹನ್ನೆರಡೂ ಬಿಟ್ಟಿ ಏನು?

ಇವತ್ತು ಬೆಳಿಗ್ಗೆ ಕಾಫಿ ಲೋಟ ಹಿಡಿದು ಊಟದ ಮೇಜಿನ ಹತ್ತಿರ ಕೂತೆ. ಮೂರು ದಿನದಿಂದ ಮಳೆ ಹಿಡಿದುಕೊಂಡಿತ್ತು, ಫ್ಯಾನ್ ಹಾಕಿರಲಿಲ್ಲ. ಇವತ್ತು ಸ್ವಲ್ಪ ಸೆಖೆ ಅನ್ನಿಸಿ ಸ್ವಿಚ್ ಒತ್ತಿದೆ, ಅಷ್ಟೇ. ರೆಕ್ಕೆ ಒಂದು ಸುತ್ತು ತಿರುಗಿತು, ಎರಡು ಸುತ್ತು ತಿರುಗಿತು, ಮೂರನೇ ಸುತ್ತಿಗೆ ಏನೋ ಹಾರಿ ಬಂದು ಕಾಫಿಯೊಳಗೆ ಪುಳಕ್ ಅಂತ ಬಿತ್ತು. ಹಲ್ಲಿ ಅಂದುಕೊಂಡು ಕಿರುಚಿದೆ. ಹಲ್ಲಿಯಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಪಂಚಾಂಗ ತೆಗೆದು ಫಲವನ್ನಾದರೂ ನೋಡಬಹುದಿತ್ತು. ಬಿದ್ದಿದ್ದು ಮೋಸಂಬಿ ಸಿಪ್ಪೆ.

ಫ್ಯಾನಿನ ಮೇಲೆ ಮೋಸಂಬಿ ಸಿಪ್ಪೆ ಯಾಕಿತ್ತು ಅಂತ ಕೇಳುತ್ತೀರಿ. ನೀವು ನಮ್ಮನೆಯವರನ್ನು ಕಂಡಿಲ್ಲ.

ನಮ್ಮನೆಯವರು ಬ್ಯಾಂಕಿನಿಂದ ನಿವೃತ್ತರಾದದ್ದು 2024ರ ಮಾರ್ಚ್ ಕೊನೆಗೆ. ಆ ಬೇಸಿಗೆಯಲ್ಲಿ ಬೆಂಗಳೂರಿನ ಅರ್ಧ ಜನ ಟ್ಯಾಂಕರ್ ಹಿಂದೆ ಓಡುತ್ತಿದ್ದದ್ದು ನಿಮಗೂ ನೆನಪಿರಬೇಕು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತ್ತು. ಉಳಿದವರೆಲ್ಲ ಮಳೆ ಬಂದ ಮೇಲೆ ಮರೆತರು. ನಮ್ಮನೆಯವರು ಮರೆಯಲಿಲ್ಲ. ಮೂವತ್ತಾರು ವರ್ಷ ಆಫೀಸಿನ ಸುತ್ತೋಲೆ ಓದಿಕೊಂಡಿದ್ದವರಿಗೆ ರಿಟೈರಾದ ವಾರವೇ ಹೊಸ ಸುತ್ತೋಲೆ ಸಿಕ್ಕಿಬಿಟ್ಟರೆ ಕೇಳಬೇಕೇ? ನಲ್ಲಿಗಳಿಗೆಲ್ಲ ನೀರಿನ ಧಾರೆ ಸಣ್ಣ ಮಾಡುವ ಏರೇಟರ್ ಬಂತು. ಒಂದು ಬಕೆಟ್ ತುಂಬುವಷ್ಟರಲ್ಲಿ ನಾನು ಲಲಿತಾ ಸಹಸ್ರನಾಮ ಮುಗಿಸಬಹುದು. ನೀರಿನ ಫಿಲ್ಟರ್ ಪೈಪಿನಲ್ಲಿ ಹೊರಗೆ ಬಿಡುವ ನೀರಿಗೆ ಅಡುಗೆಮನೆ ಬಾಗಿಲಲ್ಲೇ ಒಂದು ಬಕೆಟ್ ಬಂತು. ನೆಲ ಒರೆಸಲು, ಬಚ್ಚಲು ತೊಳೆಯಲು ಅದೇ ನೀರು. ಆ ಬಕೆಟ್ಟನ್ನು ನಾನು ಎಷ್ಟು ಸಲ ಎಡವಿದ್ದೇನೆ ಅನ್ನುವುದು ಮಾತ್ರ ಅವರ ಲೆಕ್ಕದಲ್ಲಿ ಇಲ್ಲ.

ಆಮೇಲೆ ಹಾಲಿನ ಪ್ಯಾಕೆಟ್ಟಿಗೆ ಬಂದರು. ನಾನು ಮದುವೆಯಾದಾಗಿನಿಂದ ಪ್ಯಾಕೆಟ್ಟಿನ ಮೂಲೆಯನ್ನು ಕತ್ತರಿಯಲ್ಲಿ ಚಕ್ ಅಂತ ಕತ್ತರಿಸಿ ಸಿಂಕಿನ ಪಕ್ಕ ಎಸೆಯುವವಳು. ಒಂದು ದಿನ ಆ ಮುಕ್ಕೋಣದ ಚೂರನ್ನು ಅಂಗೈ ಮೇಲಿಟ್ಟುಕೊಂಡು, ಯಾರೋ ತೀರಿಕೊಂಡ ಸುದ್ದಿ ಹೇಳುವ ಮುಖ ಮಾಡಿ ಬಂದರು.

"ಇದು ಎಲ್ಲಿಗೆ ಹೋಗುತ್ತೆ ಗೊತ್ತಾ?"

"ಕಸಕ್ಕೆ ಹೋಗುತ್ತೆ ಕಣ್ರೀ."

"ಇಷ್ಟು ಸಣ್ಣ ಚೂರನ್ನು ಯಾರು ಆರಿಸ್ತಾರೆ? ಹಸಿಕಸದಲ್ಲಿ ಸೇರಿ ಗೊಬ್ಬರ ಹಾಳು ಮಾಡುತ್ತೆ, ಇಲ್ಲಾಂದ್ರೆ ಚರಂಡಿಗೆ ಹೋಗುತ್ತೆ. ಪೂರ್ತಿ ಕತ್ತರಿಸಬೇಡ. ಚೂರು ಪ್ಯಾಕೆಟ್ಟಿಗೇ ನೇತಾಡ್ತಿರಬೇಕು."

ಮಾತು ನಿಜ. ನಿಜ ಅನ್ನುವುದೇ ಕಿರಿಕಿರಿ. ಸುಳ್ಳಾಗಿದ್ದರೆ ಒಂದು ಜಗಳ ಆಡಿ ಮುಗಿಸಬಹುದಿತ್ತು. ಈಗ ಪ್ಯಾಕೆಟ್ ಹಾಗೇ ಕತ್ತರಿಸುತ್ತೇನೆ. ನೇತಾಡುವ ಚೂರು ಅಡ್ಡ ಬಂದು ಹಾಲು ಪಾತ್ರೆಗೆ ಅರ್ಧ, ಕಟ್ಟೆಗೆ ಅರ್ಧ. ಖಾಲಿ ಪ್ಯಾಕೆಟ್ಟನ್ನು ಅವರೇ ತೊಳೆದು ಸಿಂಕಿನ ಪಕ್ಕದ ಟೈಲ್ಸಿಗೆ ಅಂಟಿಸುತ್ತಾರೆ. ಒಣಗಿದ ಪ್ಯಾಕೆಟ್ ತಾನಾಗಿಯೇ ಬೀಳುತ್ತದೆ. ಎಲ್ಲಿ ಬೀಳುತ್ತದೆ ಅನ್ನುವುದು ಅದರ ಇಷ್ಟ. ಹೋದ ತಿಂಗಳು ನಮ್ಮ ಅಕ್ಕ ಬಂದಾಗ ಹುಳಿಯ ಪಾತ್ರೆಯೊಳಗೆ ಬಿತ್ತು.

ಇಷ್ಟಾದರೂ ಒಂದು ದಿನ ನಿಲ್ಲುತ್ತಿತ್ತೇನೋ. ಆದರೆ ವಾರಕ್ಕೆ ಎರಡು ದಿನ ಒಣಕಸ ತೆಗೆದುಕೊಂಡು ಹೋಗುವ ಹೆಂಗಸು ಚೀಲದೊಳಗೆ ನೋಡಿ, "ನಿಮ್ಮನೆ ಕಸ ನೋಡೋಕೇ ಚೆಂದ ಸಾರ್" ಅಂದುಬಿಟ್ಟಳು. ಬ್ಯಾಂಕಿನವರು ಕೊನೆಯ ದಿನ ಶಾಲು, ಹಾರ, ಬೆಳ್ಳಿ ಲೋಟ ಎಲ್ಲ ಕೊಟ್ಟು ಕಳಿಸಿದ್ದರು. ಅವತ್ತೂ ಅವರ ಮುಖ ಇಷ್ಟು ಅರಳಿರಲಿಲ್ಲ. ಆಮೇಲೆ ಅವರನ್ನು ಹಿಡಿಯುವವರೇ ಇಲ್ಲ. ಮಗನ ಕಾಲೇಜಿನ ಟೀ ಶರ್ಟಿಗೆ ಕೆಳಗೆ ಹೊಲಿಗೆ ಹಾಕಿ, ತೋಳು ಕತ್ತರಿಸಿ ತರಕಾರಿ ಚೀಲ ಮಾಡಿದರು. ಅದನ್ನು ಹಿಡಿದು ಗಾಂಧಿ ಬಜಾರಿಗೆ ಹೋದರೆ ಎರಡು ಕೆಜಿ ಟೊಮೆಟೊ ಭಾರಕ್ಕೆ ಚೀಲ ಹಿಗ್ಗಿ ಹಿಗ್ಗಿ ಮೊಣಕಾಲಿಗೆ ಬರುತ್ತದೆ. ದೂರದಿಂದ ನೋಡಿದವರಿಗೆ, ಯಾರೋ ತುಂಟ ಹುಡುಗನನ್ನು ಕುತ್ತಿಗೆ ಹಿಡಿದು ಎಳೆದುಕೊಂಡು ಹೋಗುತ್ತಿದ್ದಾರೆ ಅನ್ನಿಸಬೇಕು.

ಇವೆಲ್ಲ ಸಣ್ಣಪುಟ್ಟವು. ದೊಡ್ಡದು ಅಂದರೆ ಬಯೋಎಂಜೈಮು.

ಗೊತ್ತಿಲ್ಲದವರಿಗೆ ಹೇಳುತ್ತೇನೆ, ನನಗೆ ನಿದ್ದೆಯಲ್ಲಿ ಕೇಳಿದರೂ ಬರುತ್ತದೆ. ಒಂದು ಪಾಲು ಬೆಲ್ಲ, ಮೂರು ಪಾಲು ಮೋಸಂಬಿ ಅಥವಾ ನಿಂಬೆ ಸಿಪ್ಪೆ, ಹತ್ತು ಪಾಲು ನೀರು. ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಬಿಗಿಯಾಗಿ ಮುಚ್ಚಿ ಮೂರು ತಿಂಗಳು ಇಡಬೇಕು. ಸೋಸಿದರೆ ಕಂದು ಬಣ್ಣದ ಹುಳಿ ವಾಸನೆಯ ನೀರು ಬರುತ್ತದೆ. ನೆಲ ಒರೆಸಲು, ಸಿಂಕು ತಿಕ್ಕಲು ಅದೇ ಸಾಕು, ಅಂಗಡಿಯ ಫಿನಾಯಿಲ್ ಬೇಡ. ಆದರೆ ಸಿಪ್ಪೆ ಕೊಳೆಯುವಾಗ ಒಳಗೆ ಗ್ಯಾಸ್ ಹುಟ್ಟುತ್ತದೆ. ಮೊದಲ ತಿಂಗಳು ದಿನಾ ಒಂದು ಸಲ ಮುಚ್ಚಳ ಸಡಿಲ ಮಾಡಿ ಗ್ಯಾಸ್ ಬಿಡಬೇಕು. ಡಬ್ಬಿಯ ಮೇಲ್ಗಡೆ ಸ್ವಲ್ಪ ಜಾಗವನ್ನೂ ಬಿಡಬೇಕು. ನಮ್ಮನೆಯವರು ಬಿಡುವುದಿಲ್ಲ. ಲೆಡ್ಜರಿನಲ್ಲಿ ಒಂದು ಸಾಲು ಖಾಲಿ ಬಿಡದವರು ಡಬ್ಬಿಯಲ್ಲಿ ಬಿಡುತ್ತಾರೆಯೇ?

ಬೆಲ್ಲ ನನ್ನದು, ಹೋಳಿಗೆಗೆ ಅಂತ ತರಿಸಿಟ್ಟಿದ್ದ ಮಂಡ್ಯದ ಅಚ್ಚು ಬೆಲ್ಲ. ಸಿಪ್ಪೆ ಮೂಲೆಯ ಜ್ಯೂಸ್ ಅಂಗಡಿಯದ್ದು. ಸಂಜೆ ಟೀ ಶರ್ಟ್ ಚೀಲ ಹಿಡಿದು ಅಲ್ಲಿ ನಿಲ್ಲುತ್ತಾರೆ. ಅಂಗಡಿಯ ಹುಡುಗ ಮೊದಲು ಹಸು ಸಾಕಿದ್ದೀರಾ ಅಂತ ಕೇಳಿದನಂತೆ. ಹೀಗೆ ಸೇರಿದ್ದು ಹನ್ನೆರಡು ಡಬ್ಬಿ, ಊಟದ ಮೇಜಿನ ಪಕ್ಕದ ಗೋಡೆಗೆ ಸಾಲಾಗಿ, ಒಂದೊಂದಕ್ಕೂ ನಂಬರು, ತಾರೀಕು. ಗ್ಯಾಸ್ ಬಿಟ್ಟಿದ್ದಕ್ಕೆ ಒಂದು ರಿಜಿಸ್ಟರ್, ಟಿಕ್ ಹಾಕಲು ಕೆಂಪು ಪೆನ್ನು.

ಹೋದ ವಾರ ಧಾರವಾಡದಲ್ಲಿ ಅವರ ಚಿಕ್ಕಪ್ಪನ ಮೊಮ್ಮಗಳ ಮದುವೆ. ನಾನು ಸೀರೆ ಕೂಡ ಇಸ್ತ್ರಿ ಮಾಡಿಸಿದ್ದೆ. ಹೊರಡುವ ಹಿಂದಿನ ದಿನ ಮೆಲ್ಲಗೆ, "ಇಬ್ಬರೂ ಹೋದರೆ ಡಬ್ಬಿ ನೋಡೋರು ಯಾರು?" ಅಂದರು. ಡಬ್ಬಿ ಕಾಯುವುದಕ್ಕಾಗಿ ಮದುವೆಗೆ ಬರಲಿಲ್ಲ ಅಂತ ಹೇಳಿಕೊಳ್ಳಲು ಆಗುತ್ತದೆಯೇ? ನೆಂಟರಿಗೆ ಮೊಣಕಾಲು ನೋವು ಅಂತ ಹೇಳುವುದೆಂದು ತೀರ್ಮಾನವಾಯಿತು.

ಮೊದಲ ದಿನ ಬೆಳಿಗ್ಗೆ ಎಂಟಕ್ಕೆ ಫೋನ್. ಅಲ್ಲಿ ಮದುವೆಮನೆಯಲ್ಲಿ ಶಿರಾ, ಉಪ್ಪಿಟ್ಟಿನ ಪಂಕ್ತಿ ಕೂತಿದೆ. ಇವರ ಬಲಗೈ ಎಲೆಯಲ್ಲಿ, ಎಡಗೈಯಲ್ಲಿ ಫೋನು. ಒಂದು ಕಡೆ ಸನಾದಿ ಬಾರಿಸುತ್ತಿದೆ, ಇವರಿಗೆ ಕಿವಿ ಸ್ವಲ್ಪ ಮಂದ. ಅದಕ್ಕೆ ಸ್ಪೀಕರ್ ಹಾಕಿದ್ದಾರೆ. ಇಲ್ಲಿ ಎಷ್ಟೇ ಬೆಂಗಳೂರು ಕನ್ನಡ ಆಡಿದರೂ ಆ ನೆಲ ಮುಟ್ಟಿದರೆ ಅವರ ಮಾತು ವಾಪಸ್ ಊರು ಸೇರಿಬಿಡುತ್ತದೆ.

"ಗ್ಯಾಸ್ ಬಿಟ್ಟಿ ಏನು?"

"ಬಿಟ್ಟೆ ರೀ."

"ಹನ್ನೆರಡೂ ಬಿಟ್ಟಿ ಏನು?"

"ಹನ್ನೆರಡೂ ಬಿಟ್ಟೆ."

"ಸಪ್ಪಳ ಬಂತಿಲ್ಲೋ?"

"ಬಂತು."

"ಹ್ಯಾಂಗ ಬಂತು? ಪುಸ್ ಅಂತೋ, ಟಪ್ ಅಂತೋ?"

"ಪುಸ್ ಅಂತ."

"ಪುಸ್ ಅಂದ್ರ ಛಲೋ. ವಾಸನಿ?"

"ಹುಳಿ ವಾಸನೆ."

"ಭೇಷ್! ನಾಳೆ ಮುಂಜಾನೆ ಮತ್ತ ಬಿಡು. ತಡಕೊಂಡು ಕೂಡಬ್ಯಾಡ, ಒಡೀತದ."

ಸನಾದಿ ಯಾವಾಗ ನಿಂತಿತ್ತೋ ಗೊತ್ತಿಲ್ಲ. ಪಂಕ್ತಿಯಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದವರೆಲ್ಲ ಕೈ ನಿಲ್ಲಿಸಿ ಕೇಳಿಸಿಕೊಂಡರಂತೆ. ಬಡಿಸುವವನು ಶಿರಾ ಸೌಟು ಹಿಡಿದು ಹಾಗೇ ನಿಂತಿದ್ದನಂತೆ. ಇದನ್ನೆಲ್ಲ ನನಗೆ ಹೇಳಿದವಳು ನಾದಿನಿ, ಅರ್ಧ ಗಂಟೆಯಲ್ಲೇ ಫೋನ್ ಮಾಡಿ.

"ವೈನಿ, ಮೊಣಕಾಲು ಅಲ್ಲಂತ, ಗ್ಯಾಸಂತ! ಅದಕ್ಕ ಯಾಕ್ರಿ ನಾಚಿಕಿ, ಎಲ್ಲಾರಿಗೂ ಆಗ್ತದ. ಅಣ್ಣ ಪಾಪ, ಊಟದ ಪಂಕ್ತಿಯೊಳಗ ಕೂತು ಕೇಳ್ಲಿಕತ್ತಿದ್ದ. ಇಂಥಾ ಗಂಡ ಯಾರಿಗೆ ಸಿಗ್ತಾನ ಹೇಳ್ರಿ."

ನಾನು ಡಬ್ಬಿಯ ವಿಷಯ ವಿವರಿಸಲು ಹೋದೆ. ಸಿಪ್ಪೆ, ಬೆಲ್ಲ, ಮೂರು ತಿಂಗಳು ಅಂತೆಲ್ಲ ಹೇಳಿದಷ್ಟೂ ಅವಳಿಗೆ ನನ್ನ ಮೇಲೆ ಕನಿಕರ ಜಾಸ್ತಿಯಾಯಿತು. ಆಮೇಲೆ ಅವಳ ಅತ್ತೆಯ ಫೋನ್ ಬಂತು: ಅಜವಾನ ಅಗಿದು ಬಿಸಿನೀರು ಕುಡಿಯಬೇಕು. ಮದುಮಗಳ ತಾಯಿಯದ್ದೂ ಬಂತು, ಧಾರೆಯ ಗಡಿಬಿಡಿಯ ಮಧ್ಯೆ: ಹೊಕ್ಕುಳಿಗೆ ಇಂಗು ಹಚ್ಚಬೇಕು. ನಾನು ಮುಖವನ್ನೇ ನೋಡಿರದ ಒಬ್ಬ ಮಾವ ಫೋನ್ ಮಾಡಿ, ಕಡಲೆಬೇಳೆ ಮುಟ್ಟಬೇಡಿ ಅಂದರು. ಹುಬ್ಬಳ್ಳಿ ಧಾರವಾಡದ ನಡುವೆ ನನ್ನ ಹೊಟ್ಟೆಯ ಸುದ್ದಿ ಗೊತ್ತಿಲ್ಲದವರು ಯಾರೂ ಉಳಿದಿರಲಿಕ್ಕಿಲ್ಲ.

ಎರಡನೇ ದಿನ ನಾನು ಒಂದು ಮುಚ್ಚಳವನ್ನೂ ಮುಟ್ಟಲಿಲ್ಲ. ಮೂರನೇ ದಿನವೂ ಅಷ್ಟೇ. ಫೋನ್ ಬಂದಾಗ "ಬಿಟ್ಟೆ" ಅಂದೆ. ರಿಜಿಸ್ಟರಿನಲ್ಲಿ ಕೆಂಪು ಟಿಕ್ಕನ್ನೂ ಹಾಕಿದೆ. ಸಿಟ್ಟಿಗೆ ಅಷ್ಟೂ ಮಾಡದಿದ್ದರೆ ಹೇಗೆ, ಅಲ್ವಾ?

ಆ ರಾತ್ರಿ ಎರಡೂವರೆಗೆ ಢಂ ಅಂತ ಸದ್ದಾಯಿತು. ಸಿಲಿಂಡರ್ ಅಂದುಕೊಂಡು ಹೊರಗೆ ಓಡಿದೆ, ಪರ್ಸ್ ಮರೆತೆ ಅಂತ ಮತ್ತೆ ಒಳಗೆ ಓಡಿದೆ. ದೀಪ ಹಾಕಿ ನೋಡಿದರೆ ಏಳನೇ ನಂಬರಿನ ಡಬ್ಬಿ ಬಾಯಿ ತೆರೆದುಕೊಂಡು ನಿಂತಿದೆ. ಮುಚ್ಚಳ ಸೋಫಾದ ಮೇಲೆ. ಗೋಡೆ, ಕ್ಯಾಲೆಂಡರು, ಮೇಜು, ಎಲ್ಲದರ ಮೇಲೆ ಬೆಲ್ಲದ ನೀರು, ಕೊಳೆತ ಸಿಪ್ಪೆ. ಅಷ್ಟು ದೊಡ್ಡ ಸದ್ದಿಗೆ ಇಡೀ ಅಪಾರ್ಟ್‌ಮೆಂಟಿನಲ್ಲಿ ಒಬ್ಬರೂ ಬಾಗಿಲು ತೆರೆಯಲಿಲ್ಲ. ಮಾರನೇ ದಿನ ಲಿಫ್ಟಿನಲ್ಲಿ ಮೇಲಿನ ಮನೆ ಹುಡುಗ, "ಆಂಟಿ, ಮ್ಯಾಚ್ ಗೆದ್ದಿದ್ದಕ್ಕೆ ಪಟಾಕಿ ಹೊಡೆದ್ರಾ?" ಅಂತ ಕೇಳಿದ.

ಹನ್ನೊಂದು ಡಬ್ಬಿಗಳ ಮುಚ್ಚಳವನ್ನು ಒಂದೊಂದಾಗಿ, ಮುಖ ಆ ಕಡೆ ತಿರುಗಿಸಿಕೊಂಡು ಸಡಿಲ ಮಾಡಿದೆ. ಆಮೇಲೆ ಒರೆಸಲು ಕೂತೆ. ಹಳೇ ಪಂಚೆ ತುಂಡು ಹಿಡಿದು ಮೊದಲು ಒರೆಸಿದ್ದು ನೆಲವನ್ನಲ್ಲ, ಗೋಡೆ ಕಪಾಟಿನ ಮೇಲಿದ್ದ ಗಾಜಿನ ಹಾರ್ಲಿಕ್ಸ್ ಬಾಟಲಿಯನ್ನು. ಅದು ಅಮ್ಮನದು. ಅಮ್ಮ ಹೋಗಿ ಆರು ವರ್ಷ. ಗಾಯಕ್ಕೆ ಹಚ್ಚುವ ಪಟ್ಟಿಯ ತುಂಡೊಂದನ್ನು ಅಂಟಿಸಿ, ಅದರ ಮೇಲೆ ಬಾಲ್ ಪೆನ್ನಿನಲ್ಲಿ "ವೋಂಕಾಳು" ಅಂತ ಬರೆದಿದ್ದಾಳೆ. ಅವಳು ಹಾಗೇ ಬರೆಯುತ್ತಿದ್ದದ್ದು. ಒಳಗೆ ಈಗ ಏನೂ ಇಲ್ಲ. ಅಕ್ಷರದ ಮೇಲೆ ಬೆಲ್ಲದ ನೀರು ಇಳಿಯುತ್ತಿತ್ತು. ಒರೆಸಿದರೆ ಶಾಯಿ ಹರಡೀತು ಅಂತ ಸುಮ್ನೆ ಬಟ್ಟೆಯನ್ನು ಒತ್ತಿ ಒತ್ತಿ ತೆಗೆದೆ. "ವೋಂ" ಸ್ವಲ್ಪ ಮಸುಕಾಗಿದೆ. ಉಳಿದದ್ದು ಓದಬಹುದು.

ಮನೆಯ ಖಾಲಿ ಡಬ್ಬಿ ಬಾಟಲಿಗಳನ್ನೆಲ್ಲ ನಮ್ಮನೆಯವರು ಎಣಿಸಿ ಪಟ್ಟಿ ಮಾಡಿದ್ದಾರೆ. ಇದನ್ನೂ ಒಂದು ದಿನ ಕೈಗೆತ್ತಿಕೊಂಡು, ತಿರುಗಿಸಿ ನೋಡಿ, ಏನೂ ಹೇಳದೆ ಇದ್ದಲ್ಲೇ ಇಟ್ಟಿದ್ದರು. ಪಟ್ಟಿಯಲ್ಲಿ ಅದೊಂದು ಇಲ್ಲ.

ನೆಲ ಎಷ್ಟು ಒರೆಸಿದರೂ ಕಾಲಿಗೆ ಅಂಟುತ್ತಲೇ ಇತ್ತು. ಕೊನೆಗೆ ಬೇರೆ ದಾರಿ ಇಲ್ಲದೆ, ಅವರು ಹಿಂದಿನ ಸಲ ಮಾಡಿ ಸೋಸಿಟ್ಟಿದ್ದ ಎಂಜೈಮನ್ನೇ ಎರಡು ಮುಚ್ಚಳ ಬಕೆಟ್ ನೀರಿಗೆ ಹಾಕಿ ಒರೆಸಿದೆ. ಅಂಟು ಹೋಯಿತು, ನೆಲ ಫಳಫಳ. ಬೆಳಗಿನ ಜಾವ ನಾಲ್ಕು ಗಂಟೆಗೆ ಅಷ್ಟು ಸಿಟ್ಟು ನನಗೆ ಯಾವತ್ತೂ ಬಂದಿರಲಿಲ್ಲ.

ಊರಿಂದ ಬಂದವರು ಚಪ್ಪಲಿ ಬಿಡುವ ಮೊದಲೇ ಡಬ್ಬಿ ಎಣಿಸಿದರು. "ಏಳನೇದು?" ಅಂದರು. "ಸೋರಿತು" ಅಂದೆ. ರಿಜಿಸ್ಟರ್ ತೆಗೆದು ನನ್ನ ಟಿಕ್ಕುಗಳನ್ನು ನೋಡಿದರು. ಏನೂ ಹೇಳಲಿಲ್ಲ. ನಾನು ಬಚಾವಾದೆ ಅಂದುಕೊಂಡೆ, ಇವತ್ತು ಬೆಳಿಗ್ಗೆ ಫ್ಯಾನ್ ಹಾಕುವವರೆಗೆ.

ನಾನು ಕಿರುಚಿದ್ದಕ್ಕೆ ಎದುರಿಗೆ ಕೂತಿದ್ದವರು ಪೇಪರ್ ಇಳಿಸಿದರು. ಕಾಫಿ ನೋಡಿದರು, ಫ್ಯಾನ್ ನೋಡಿದರು, ನನ್ನನ್ನು ನೋಡಿದರು. ನಕಲಿ ವೋಚರುಗಳನ್ನು ಹಿಡಿದುಹಿಡಿದು ಪಳಗಿದ ಕಣ್ಣು ಅದು. ಚಮಚ ತಂದು ಸಿಪ್ಪೆಯನ್ನು ಎತ್ತಿದರು. ಬಾಗಿಲಲ್ಲಿದ್ದ ಬಕೆಟ್ ನೀರಿನಲ್ಲಿ ಕಾಫಿ ಹೋಗುವ ಹಾಗೆ ತೊಳೆದರು. ಏಳನೇ ಡಬ್ಬಿಗೆ ಹೊಸದಾಗಿ ತುಂಬಿಸಿದ್ದ ಸಿಪ್ಪೆಗಳ ಮೇಲೆ ಅದನ್ನು ಇಟ್ಟು, ಮುಚ್ಚಳ ಬಿಗಿ ಮಾಡಿದರು.

ಆಮೇಲೆ ರಿಜಿಸ್ಟರ್ ತೆಗೆದು ಕೆಂಪು ಪೆನ್ನಿನಲ್ಲಿ ಏನೋ ಬರೆದರು. ಅವರು ಸ್ನಾನಕ್ಕೆ ಹೋದ ಮೇಲೆ ಇಣುಕಿ ನೋಡಿದೆ.

"ಡಬ್ಬಿ ನಂ. 7. ಸಿಪ್ಪೆ 1. ಹಳೇ ಬಾಕಿ ವಸೂಲಿ."