ಮೀಟಿಂಗ್ ಸ್ಕ್ರಮ್‌ದು, ಕಾಲಮ್ ಕಾನ್‌ಬಾನ್‌ದು, ಮಿತಿ ಯಾರದ್ದೂ ಅಲ್ಲ!

"ನಮ್ಮ ಟೀಮಲ್ಲಿ ಸ್ಕ್ರಮ್, ಕಾನ್‌ಬಾನ್ ಎರಡನ್ನೂ ಸೇರಿಸಿ ಮಾಡ್ತೀವಿ." ಬೆಂಗಳೂರಿನ ಸಾಫ್ಟ್‌ವೇರ್ ಆಫೀಸುಗಳಲ್ಲಿ ಈ ಮಾತು ಈಗ ಮಾಮೂಲಿ. ಸ್ಕ್ರಮ್ ಅಂದರೆ ಕೆಲಸವನ್ನು 'ಸ್ಪ್ರಿಂಟ್' ಅನ್ನುವ ನಿಗದಿತ ಅವಧಿಗಳಾಗಿ ಹಂಚಿಕೊಂಡು, ಮೀಟಿಂಗ್‌ಗಳ ಮೂಲಕ ನಡೆಸುವ ವಿಧಾನ. ಕಾನ್‌ಬಾನ್ ಅಂದರೆ ಯಾವ ಕೆಲಸ ಯಾವ ಹಂತದಲ್ಲಿದೆ ಅಂತ ಬೋರ್ಡಿನ ಕಾಲಮ್ಮುಗಳಲ್ಲಿ ತೋರಿಸುತ್ತಾ ಸಾಗುವ ವಿಧಾನ. ಸೇರಿಸಲಿ, ನಾನೂ ಅದರ ಪರವೇ. ಆದರೆ ಕೆಲಸಗಳ ಲೆಕ್ಕ ಇಡುವ ಅವರ ಜಿರಾ ಬೋರ್ಡ್ ತೆರೆದು ನೋಡಿ. 'ಇನ್ ಪ್ರೋಗ್ರೆಸ್' ಕಾಲಮ್ಮಿನಲ್ಲಿ ಒಬ್ಬೊಬ್ಬರ ಹೆಸರಿಗೆ ನಾಲ್ಕೈದು ಟಿಕೆಟ್, ಅಂದರೆ ಕೆಲಸದ ಚೀಟಿ, ಇರುತ್ತವೆ. ಸ್ಕ್ರಮ್‌ನ ಮೀಟಿಂಗ್‌ಗಳೆಲ್ಲ ಬಂದಿವೆ, ಕಾನ್‌ಬಾನ್‌ನ ಕಾಲಮ್ಮುಗಳೂ ಬಂದಿವೆ. ಒಂದು ಸಲಕ್ಕೆ ಇಷ್ಟೇ ಕೆಲಸ ಕೈಯಲ್ಲಿರಬೇಕು ಅನ್ನುವ ಮಿತಿ ಮಾತ್ರ ಬಂದಿಲ್ಲ. ಕಾನ್‌ಬಾನ್‌ನಲ್ಲಿ ನಿಜವಾಗಿ ಕೆಲಸ ಮಾಡುವುದು ಅದೊಂದೇ!

ಲೆಕ್ಕ ಸುಲಭ. ಕೈಯಲ್ಲಿರುವ ಕೆಲಸವನ್ನು ಮುಗಿಸುವ ವೇಗದಿಂದ ಭಾಗಿಸಿದರೆ ಒಂದು ಕೆಲಸಕ್ಕೆ ಹಿಡಿಯುವ ಸರಾಸರಿ ಸಮಯ ಸಿಗುತ್ತದೆ ಅಂತ ಅಮೆರಿಕದ ಪ್ರೊಫೆಸರ್ ಜಾನ್ ಲಿಟಲ್ 1961ರಲ್ಲೇ ಸಾಧಿಸಿ ತೋರಿಸಿದ್ದಾರೆ. ವಾರಕ್ಕೆ 5 ಟಿಕೆಟ್ ಮುಗಿಸುವ ಟೀಮಿನ ಕೈಯಲ್ಲಿ 30 ಇದ್ದರೆ, ಒಂದು ಟಿಕೆಟ್ ಹೊರಬರಲು ಸರಾಸರಿ 6 ವಾರ. ಕೈಯಲ್ಲಿ 10 ಇಟ್ಟುಕೊಂಡು ಅದೇ ವೇಗದಲ್ಲಿ ಮುಗಿಸಿದರೆ 2 ವಾರ. ಯಾರೂ ರಾತ್ರಿ ಕೂತು ಕೋಡ್ ಬರೆಯಬೇಕಿಲ್ಲ.

ಇದನ್ನು ಮಾಡಿ ನೋಡಿದ ಹೆಸರುವಾಸಿ ಟೀಮು ಇದ್ದದ್ದು ನಮ್ಮ ಪಕ್ಕದ ಹೈದರಾಬಾದಿನಲ್ಲೇ. 2004ರ ಮಾತು, ಮೈಕ್ರೋಸಾಫ್ಟ್‌ನ ಒಂದು ಸಣ್ಣ ನಿರ್ವಹಣಾ ಟೀಮು. ಕೇಳಿದ ಕೆಲಸ ಕೈಗೆ ಸಿಗಲು ಸುಮಾರು 5 ತಿಂಗಳು ಹಿಡಿಯುತ್ತಿತ್ತು. ಹೊಸ ಕೋರಿಕೆ ಬಂದಾಗಲೆಲ್ಲ ಕೈಲಿದ್ದದ್ದು ಬಿಟ್ಟು ಎಸ್ಟಿಮೇಟ್ ಕೊಡಬೇಕಿತ್ತು. ಎಸ್ಟಿಮೇಟ್ ಹಾಕಿದ ಎಷ್ಟೋ ಕೆಲಸಗಳು ಆಮೇಲೆ ಶುರುವೇ ಆಗುತ್ತಿರಲಿಲ್ಲ. ಕಾನ್‌ಬಾನ್ ಅನ್ನು ಸಾಫ್ಟ್‌ವೇರ್ ಕೆಲಸಕ್ಕೆ ತಂದ ಡೇವಿಡ್ ಆಂಡರ್ಸನ್ ಸಲಹೆಯಂತೆ ಎಸ್ಟಿಮೇಟ್ ನಿಲ್ಲಿಸಿದರು, ಸಾಲಿಗೆ ಮಿತಿ ಹಾಕಿದರು. ಆ 5 ತಿಂಗಳು ಕಾಲಕ್ರಮೇಣ ಎರಡು ವಾರದ ಆಸುಪಾಸಿಗೆ ಇಳಿಯಿತು.

ಹಾಗಂತ ಸ್ಪ್ರಿಂಟ್ ಬಿಸಾಡಿ ಅಂತ ನಾನು ಹೇಳುವುದಿಲ್ಲ. ಎರಡು ವಾರಕ್ಕೊಮ್ಮೆ ಪ್ಲ್ಯಾನಿಂಗ್ ಇರಲಿ, ಡೆಮೊ ಇರಲಿ. ಅದಿಲ್ಲದಿದ್ದರೆ ಏನು ಮಾಡಬೇಕು ಅಂತ ತೀರ್ಮಾನಿಸುವ ಪ್ರಾಡಕ್ಟ್‌ನವರು ನಮ್ಮ ಜೊತೆ ಕೂರುವುದೇ ಇಲ್ಲ. ಪ್ರೊಡಕ್ಷನ್ ಬಗ್‌ಗಳಿಗೆ, ಅಂದರೆ ಈಗಾಗಲೇ ಬಳಕೆಯಲ್ಲಿರುವ ಸಾಫ್ಟ್‌ವೇರ್‌ನ ದೋಷಗಳಿಗೆ, ಮಾತ್ರ ಬೇರೆ ಸಾಲು, ಅದಕ್ಕೊಂದು ಮಿತಿ. ಅವನ್ನು ಸ್ಪ್ರಿಂಟ್ ಒಳಗೆ ತುರುಕಿ, ಕೊನೇ ದಿನ "ಕಮಿಟ್‌ಮೆಂಟ್ ಏನಾಯ್ತು?" ಅಂತ ಕೇಳುವುದು ಅನ್ಯಾಯ ಅಲ್ವಾ? ಸ್ಕ್ರಮ್‌ನ ಕೈಪಿಡಿಯಾದ ಸ್ಕ್ರಮ್ ಗೈಡ್‌ನವರೇ 2011ರಲ್ಲಿ ಆ ಪದ ತೆಗೆದು 'ಫೋರ್‌ಕಾಸ್ಟ್' (ಮುನ್ನಂದಾಜು) ಅಂತ ಮಾಡಿದ್ದರು. ನಮ್ಮ ಮ್ಯಾನೇಜರ್‌ಗಳಿಗೆ ಸುದ್ದಿ ಇನ್ನೂ ಮುಟ್ಟಿಲ್ಲ.

ಮಿತಿಯನ್ನು ಎಲ್ಲರೂ ಬಿಟ್ಟುಬಿಡುವುದಕ್ಕೆ ಕಾರಣವಿದೆ. ಟೆಸ್ಟಿಂಗ್ ಕಾಲಮ್ ತುಂಬಿದರೆ ಡೆವಲಪರ್ ಹೊಸ ಟಿಕೆಟ್ ಎತ್ತಿಕೊಳ್ಳುವಂತಿಲ್ಲ. ಟೆಸ್ಟಿಂಗ್‌ಗೆ ಕೈಹಾಕಬೇಕು, ಇಲ್ಲ ಬಾಕಿ ಇರುವ ಕೋಡ್ ರಿವ್ಯೂ ಮುಗಿಸಬೇಕು. ದೂರದಿಂದ ನೋಡುವವರಿಗೆ ಅವನು ಖಾಲಿ ಕೂತ ಹಾಗೆ ಕಾಣುತ್ತಾನೆ. ಕ್ಲೈಂಟಿಗೆ ಗಂಟೆ ಲೆಕ್ಕದಲ್ಲಿ ಬಿಲ್ ಹೋಗುವ ಕಡೆ ಇದನ್ನು ಯಾರೂ ಸಹಿಸುವುದಿಲ್ಲ. ಟೈಮ್‌ಶೀಟಿನಲ್ಲಿ ಎಂಟು ಗಂಟೆಗೂ ಒಂದು ಟಿಕೆಟ್ ನಂಬರ್ ಬೇಕು. ಅದಕ್ಕೇ ಇನ್ನೊಂದು ಟಿಕೆಟ್ ಕೈಗೆ ಬರುತ್ತದೆ, ಟೆಸ್ಟಿಂಗ್ ಮುಂದಿನ ಸಾಲು ಇನ್ನೂ ಉದ್ದವಾಗುತ್ತದೆ. ಯಾವುದು ಎಲ್ಲಿ ನಿಂತಿದೆ ಅಂತ ತಿಳಿಯಲು ಆಮೇಲೊಂದು ಎಕ್ಸೆಲ್ ಶೀಟ್ ಹುಟ್ಟುತ್ತದೆ. ಅದನ್ನು ಅಪ್‌ಡೇಟ್ ಮಾಡುವುದಕ್ಕೂ ಒಂದು ಟಿಕೆಟ್!