ಗೆಡ್ಡೆಗಷ್ಟೇ ವಿಕಿರಣ ಸಾಕೇ?

ಶ್ವಾಸಕೋಶದಲ್ಲೋ ಸ್ತನದಲ್ಲೋ ಹುಟ್ಟಿದ ಕ್ಯಾನ್ಸರ್ ಮಿದುಳಿಗೂ ಹರಡಿ, ಅಲ್ಲಿ ಎರಡು ಮೂರು ಚಿಕ್ಕ ಗೆಡ್ಡೆಗಳು ಕಾಣಿಸಿಕೊಂಡಾಗ, ವಿಕಿರಣವನ್ನು ಆ ಗೆಡ್ಡೆಗಳಿಗಷ್ಟೇ ಕೇಂದ್ರೀಕರಿಸಿ, ಇಡೀ ಮಿದುಳಿಗೆ ಕೊಡುವ ವಿಕಿರಣವನ್ನು ಕೈಬಿಡಬಹುದೇ?

ಪರ

ಇಡೀ ಮಿದುಳಿನ ವಿಕಿರಣವೆಂದರೆ ಸಾಮಾನ್ಯವಾಗಿ ಹತ್ತು ಸರದಿಗಳಲ್ಲಿ ಒಟ್ಟು 30 ಗ್ರೇ (ವಿಕಿರಣವನ್ನು ಅಳೆಯುವ ಮಾನ). ಗೆಡ್ಡೆ ಇರುವ ಜಾಗಕ್ಕೂ ಇಲ್ಲದ ಜಾಗಕ್ಕೂ ಅದು ಸಮನಾಗಿ ಬೀಳುತ್ತದೆ. ಕಳೆ ಇರುವುದು ಮೂರು ಬುಡದಲ್ಲಾದರೂ ಔಷಧ ಹೊಡೆಯುವುದು ಇಡೀ ಗದ್ದೆಗೆ ಎಂಬಂತಹ ಕ್ರಮವಿದು.

ಸ್ವೀಡನ್ನಿನ ನರಶಸ್ತ್ರವೈದ್ಯ ಲಾರ್ಸ್ ಲೆಕ್ಸೆಲ್ 1951ರಲ್ಲಿ ಮುಂದಿಟ್ಟ ಯೋಚನೆ ಇದಕ್ಕೆ ವಿರುದ್ಧವಾದುದು: ಒಂದೊಂದೂ ದುರ್ಬಲವಾದ ಅನೇಕ ಕಿರಣಗಳನ್ನು ಬೇರೆ ಬೇರೆ ದಿಕ್ಕುಗಳಿಂದ ಹಾಯಿಸಿ, ಅವೆಲ್ಲವೂ ಒಂದೇ ಬಿಂದುವಿನಲ್ಲಿ ಕೂಡುವಂತೆ ಮಾಡಿದರೆ, ದಾರಿಯಲ್ಲಿರುವ ಊತಕಕ್ಕೆ ಹೆಚ್ಚು ಪೆಟ್ಟಾಗದೆ ಕೂಡಿದ ಜಾಗವಷ್ಟೇ ಸುಡುತ್ತದೆ. ಅವರ ಗಾಮಾ ನೈಫ್ ಯಂತ್ರದ ಈಚಿನ ಮಾದರಿಗಳಲ್ಲಿ 192 ಕೋಬಾಲ್ಟ್ ಮೂಲಗಳಿದ್ದು, ಎರಡು ಸೆಂಟಿಮೀಟರ್‌ಗಿಂತ ಚಿಕ್ಕದಾದ ಗೆಡ್ಡೆಗೆ ಒಂದೇ ದಿನದಲ್ಲಿ 24 ಗ್ರೇವರೆಗೆ ಕೊಡಬಹುದು. ಹೆಸರಿನಲ್ಲಿ ಕತ್ತಿ ಇದ್ದರೂ, ತಲೆಗೆ ಚೌಕಟ್ಟು ಬಿಗಿಯುವ ತಿರುಪುಗಳ ಗುರುತನ್ನು ಬಿಟ್ಟರೆ ಮೈಮೇಲೆ ಗಾಯವಿರುವುದಿಲ್ಲ. ಹರಡಿಬಂದ ಗೆಡ್ಡೆ ಸಾಮಾನ್ಯವಾಗಿ ದುಂಡಗಿದ್ದು, ಎಂಆರ್‌ಐ ಚಿತ್ರದಲ್ಲಿ ಅದರ ಅಂಚು ಸ್ಪಷ್ಟವಾಗಿ ಕಾಣುವುದರಿಂದ ಈ ವಿಧಾನಕ್ಕೆ ಹೇಳಿ ಮಾಡಿಸಿದಂತಿರುತ್ತದೆ.

ಈ ವಾದಕ್ಕೆ ಪ್ರಯೋಗಗಳ ಬೆಂಬಲವಿದೆ. ಹ್ಯೂಸ್ಟನ್ನಿನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರ 2009ರಲ್ಲಿ ಪ್ರಕಟಿಸಿದ, 58 ರೋಗಿಗಳ ಬಳಿಕ ಅರ್ಧದಲ್ಲೇ ನಿಲ್ಲಿಸಲಾದ ಪ್ರಯೋಗದಲ್ಲಿ, ನಾಲ್ಕು ತಿಂಗಳ ಹೊತ್ತಿಗೆ ಪದಗಳನ್ನು ನೆನಪಿಟ್ಟು ಹೇಳುವ ಶಕ್ತಿ ಕುಸಿಯುವ ಸಂಭವವು ಕೇಂದ್ರೀಕೃತ ವಿಕಿರಣ, ಇಡೀ ಮಿದುಳಿನ ವಿಕಿರಣ ಎರಡನ್ನೂ ಪಡೆದವರಲ್ಲಿ ಶೇ 52, ಕೇಂದ್ರೀಕೃತ ವಿಕಿರಣವನ್ನಷ್ಟೇ ಪಡೆದವರಲ್ಲಿ ಶೇ 24 ಎಂದು ಕಂಡಿತು. 213 ರೋಗಿಗಳಿದ್ದ 2016ರ ಅಮೆರಿಕದ ಪ್ರಯೋಗದಲ್ಲಿ ಮೂರು ತಿಂಗಳಿಗೆ ಅರಿವಿನ ಸಾಮರ್ಥ್ಯ ಕುಗ್ಗಿದವರ ಪ್ರಮಾಣ ಕ್ರಮವಾಗಿ ಶೇ 91.7 ಮತ್ತು ಶೇ 63.5. ಇಡೀ ಮಿದುಳಿನ ವಿಕಿರಣವನ್ನು ಸೇರಿಸಿದ್ದರಿಂದ ಆಯುಸ್ಸು ಹೆಚ್ಚಿದ್ದು ಕಂಡುಬರಲಿಲ್ಲ. ಬದುಕಿನ ದಿನಗಳು ಹೆಚ್ಚದಿರುವಾಗ, ಉಳಿದ ತಿಂಗಳುಗಳಲ್ಲಿ ಬೆಳಿಗ್ಗೆ ಆಡಿದ ಮಾತು ಸಂಜೆಗೆ ನೆನಪಿರಬೇಕೆಂದು, ಮಾತ್ರೆಯನ್ನು ತಾನೇ ಎಣಿಸಿ ನುಂಗಬೇಕೆಂದು ರೋಗಿ ಬಯಸಿದರೆ ಅದು ಅತಿಯಾಸೆಯಲ್ಲ.

ವಿರೋಧ

ಅದೇ 2016ರ ಪ್ರಯೋಗದ ಇನ್ನೊಂದು ಅಂಕಿಯನ್ನೂ ಓದಬೇಕು. ಒಂದು ವರ್ಷದ ಕೊನೆಗೆ ಮಿದುಳಿನೊಳಗಿನ ರೋಗ ಹತೋಟಿಯಲ್ಲಿದ್ದುದು ಎರಡೂ ಚಿಕಿತ್ಸೆ ಪಡೆದವರಲ್ಲಿ ಶೇ 84.9; ಕೇಂದ್ರೀಕೃತ ವಿಕಿರಣವನ್ನಷ್ಟೇ ಪಡೆದವರಲ್ಲಿ ಶೇ 50.5. 132 ರೋಗಿಗಳಿದ್ದ 2006ರ ಜಪಾನಿನ ಪ್ರಯೋಗದಲ್ಲಿ ಒಂದು ವರ್ಷದೊಳಗೆ ಮಿದುಳಿನಲ್ಲಿ ರೋಗ ಮರಳಿದ ಪ್ರಮಾಣ ಎರಡೂ ಚಿಕಿತ್ಸೆ ಪಡೆದವರಲ್ಲಿ ಶೇ 46.8, ಕೇಂದ್ರೀಕೃತ ವಿಕಿರಣವನ್ನಷ್ಟೇ ಪಡೆದವರಲ್ಲಿ ಶೇ 76.4. ಇದರಲ್ಲಿ ಅಚ್ಚರಿಯೇನಿಲ್ಲ. ಯಂತ್ರ ಗುರಿಯಿಡುವುದು ಚಿತ್ರದಲ್ಲಿ ಕಂಡ ಗೆಡ್ಡೆಗೆ. ಕಾಣದಷ್ಟು ಚಿಕ್ಕದಾಗಿ ಅಡಗಿರುವ ಕ್ಯಾನ್ಸರ್ ಕಣಗಳ ಗುಂಪಿಗೆ ಅದು ಏನನ್ನೂ ಮಾಡದು.

‘ಅರಿವು ಕುಗ್ಗಿತು’ ಎಂಬ ಮಾತನ್ನೂ ತುಸು ಬಿಡಿಸಿ ನೋಡಬೇಕು. 2016ರ ಪ್ರಯೋಗದಲ್ಲಿ ಹಲವು ಪರೀಕ್ಷೆಗಳ ಪೈಕಿ ಯಾವುದಾದರೂ ಒಂದರಲ್ಲಿ ಅಂಕ ನಿಗದಿತ ಮಟ್ಟಕ್ಕಿಂತ ಹೆಚ್ಚು ಇಳಿದರೂ ಅದನ್ನು ಕುಸಿತವೆಂದೇ ಎಣಿಸಲಾಗಿತ್ತು. ಅದು ಮರೆವಿನ ಕಾಯಿಲೆಯಲ್ಲ. ಮೇಲಾಗಿ, ಅಲ್ಲಿ ಹೋಲಿಕೆಗೆ ನಿಂತದ್ದು ಹಳೆಯ ಮಾದರಿಯ ವಿಕಿರಣ. ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್ ಭಾಗವನ್ನು ಕಿರಣದಿಂದ ಉಳಿಸಿ, ಮರೆವಿನ ಕಾಯಿಲೆಗೆ ಬಳಸುವ ಮೆಮಾಂಟಿನ್ ಮಾತ್ರೆಯನ್ನೂ ಕೊಟ್ಟರೆ ಅರಿವು ಕುಗ್ಗುವ ಅಪಾಯ ಸುಮಾರು ಶೇ 26ರಷ್ಟು ಇಳಿಯುತ್ತದೆಂದು 518 ರೋಗಿಗಳ ಪ್ರಯೋಗವೊಂದು 2020ರಲ್ಲಿ ತೋರಿಸಿತು. ಅಲ್ಲಿ ಹೋಲಿಸಿದ್ದು ಅದೇ ಮಾತ್ರೆಯೊಂದಿಗೆ ಕೊಟ್ಟ ಸಾಮಾನ್ಯ ವಿಕಿರಣದ ಜೊತೆ. ಪರ ವಾದದವರು ಈ ಅಂಕಿಯನ್ನು ಬದಿಗಿಟ್ಟು ಮಾತಾಡುವುದು ನನಗೆ ನ್ಯಾಯವೆನಿಸುವುದಿಲ್ಲ.

ಕೇಂದ್ರೀಕೃತ ವಿಕಿರಣಕ್ಕೂ ತನ್ನದೇ ತೊಡಕುಗಳಿವೆ. ಗೆಡ್ಡೆಯಿದ್ದ ಜಾಗದ ಊತಕವೇ ಸತ್ತು, ತಿಂಗಳುಗಳ ನಂತರ ಬಾವು ಬರಬಹುದು. ಎಂಆರ್‌ಐಯಲ್ಲಿ ಅದು ಮತ್ತೆ ಬೆಳೆದ ಗೆಡ್ಡೆಯಂತೆಯೇ ಕಾಣುವುದರಿಂದ ವೈದ್ಯರೂ ಗೊಂದಲಕ್ಕೆ ಬೀಳುತ್ತಾರೆ. ಸ್ಟಿರಾಯ್ಡ್‌ಗೆ ಬಗ್ಗದಿದ್ದರೆ ಕೆಲವೊಮ್ಮೆ ತಲೆಬುರುಡೆಯನ್ನು ತೆರೆಯಬೇಕಾಗುತ್ತದೆ.

ಆದರೆ ನನ್ನ ಮುಖ್ಯ ಆಕ್ಷೇಪ ಇರುವುದು ಚಿಕಿತ್ಸೆಯ ನಂತರದ ದಿನಗಳ ಬಗ್ಗೆ. ಈ ವಿಧಾನ ಒಂದು ದಿನದಲ್ಲಿ ಮುಗಿಯುತ್ತದೆಂಬ ಮಾತು ಅರ್ಧಸತ್ಯ. ಹೊಸ ಗೆಡ್ಡೆಯನ್ನು ಚಿಕ್ಕದಿರುವಾಗಲೇ ಹಿಡಿಯಬೇಕಾದ್ದರಿಂದ ಎರಡು ಮೂರು ತಿಂಗಳಿಗೊಮ್ಮೆ ಎಂಆರ್‌ಐ ಮಾಡಿಸುತ್ತಲೇ ಇರಬೇಕು. ಗಾಮಾ ನೈಫ್ ಸೌಲಭ್ಯವಿರುವ ನಿಮ್ಹಾನ್ಸ್‌ನ ಆಸುಪಾಸಿನಲ್ಲಿ ಮನೆಯಿರುವವರಿಗೆ ಇದು ಅರ್ಧ ದಿನದ ರಜೆಯ ಮಾತಾದರೆ, ಯಾದಗಿರಿ ಜಿಲ್ಲೆಯ ಹಳ್ಳಿಯಿಂದ ಬೆಂಗಳೂರಿಗೆ ಬರುವವರಿಗೆ ರಾತ್ರಿಯಿಡೀ ಪ್ರಯಾಣ, ಜೊತೆಗೆ ಬರುವ ಮಗನ ಕೂಲಿ ನಷ್ಟ, ಚೀಟಿ ಮಾಡಿಸುವ ಸಾಲು. ಪ್ರಯೋಗಗಳಲ್ಲಿದ್ದ ರೋಗಿಗಳ ತಪಾಸಣೆ ದಿನಾಂಕದ ಪ್ರಕಾರ ನಡೆಯುತ್ತಿತ್ತು. ಎರಡು ತಪಾಸಣೆಗಳನ್ನು ತಪ್ಪಿಸಿದ ರೋಗಿ, ಫಿಟ್ಸ್ ಬಂದು ಪ್ರಜ್ಞೆ ತಪ್ಪಿದ ಮೇಲೆ ಆಸ್ಪತ್ರೆ ಸೇರಿದರೆ, ಅವರ ನೆನಪನ್ನು ಉಳಿಸಲೆಂದು ಕೈಬಿಟ್ಟ ಚಿಕಿತ್ಸೆಯನ್ನು ಆ ಹೊತ್ತಿಗೆ ಹೇಗೂ ಕೊಡಬೇಕಾಗಿ ಬರಬಹುದು. ಎಲ್ಲರಿಗೂ ಇಡೀ ಮಿದುಳಿನ ವಿಕಿರಣ ಕೊಡಿ ಎನ್ನುವುದು ನನ್ನ ವಾದವಲ್ಲ. ಆಯ್ಕೆಯನ್ನು ರೋಗಿಯ ಮುಂದಿಡುವ ದಿನವೇ, ಗೆಡ್ಡೆಗಳ ಲೆಕ್ಕದ ಜೊತೆಗೆ, ಮೂರು ತಿಂಗಳ ನಂತರ ಅವರನ್ನು ಕರೆತರುವವರು ಯಾರು, ಎಂಆರ್‌ಐಗೆ ದುಡ್ಡು ಎಲ್ಲಿಂದ ಎಂಬುದನ್ನೂ ಕೇಳಿ ಕಡತದಲ್ಲಿ ಬರೆದುಕೊಳ್ಳಬೇಕು.