ಗೇರುಸೊಪ್ಪ ಎಂಬ ಹಡಗು

ಗೇರುಸೊಪ್ಪ ಅಂದ್ರೆ ನಮ್ಮ ಕಡೆಯವರಿಗೆ ಶರಾವತಿ, ಚತುರ್ಮುಖ ಬಸದಿ, ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿ. ಹೊನ್ನಾವರದಿಂದ ಜೋಗಕ್ಕೆ ಹೋಗುವಾಗ ಘಾಟಿ ಹತ್ತುವ ಮುಂಚೆ ಸಿಗುವ ಊರು. ಅದರ ಹೆಸರಿನ ಹಡಗೊಂದು ಐರ್ಲೆಂಡಿನ ಆಚೆ ಕಡಲ ತಳದಲ್ಲಿದೆ ಅಂತ ನನಗೆ ಗೊತ್ತಾಗಿದ್ದು ಬೆಳ್ಳಿ ಸಿಕ್ಕಿದ ಸುದ್ದಿಯಿಂದ. ಬೆಳ್ಳಿ ಇಲ್ಲದಿದ್ರೆ ಗೊತ್ತೇ ಆಗುತ್ತಿರಲಿಲ್ಲ. ಅದೇ ನನಗೆ ಕಸಿವಿಸಿ.

ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿಯ ಸರಕು ಹಡಗು ಅದು, 'ಎಸ್‌ಎಸ್ ಗೇರ್‌ಸೊಪ್ಪಾ'. 1940ರ ಡಿಸೆಂಬರ್‌ನಲ್ಲಿ ಕಲ್ಕತ್ತಾ ಬಿಟ್ಟಿತು. ಒಳಗೆ ಬೀಡು ಕಬ್ಬಿಣ, ಚಹಾ, ಬೆಳ್ಳಿ ಗಟ್ಟಿ. ಆಫ್ರಿಕಾದ ಫ್ರೀಟೌನ್‌ನಿಂದ ಬೇರೆ ಹಡಗುಗಳ ಜೊತೆ ಗುಂಪಾಗಿ ಹೊರಟಿತ್ತು. ಬಿರುಗಾಳಿಗೆ ಸಿಕ್ಕಿ ಕಲ್ಲಿದ್ದಲು ಸಾಲದಾಯಿತು. ಗುಂಪು ಬಿಟ್ಟು ಒಂಟಿಯಾಗಿ ಐರ್ಲೆಂಡಿನ ಗಾಲ್ವೇ ಬಂದರಿನ ಕಡೆ ತಿರುಗಿತು. 1941ರ ಫೆಬ್ರವರಿ 17ರ ರಾತ್ರಿ ಜರ್ಮನ್ ಜಲಾಂತರ್ಗಾಮಿ ಯು-101 ಬಿಟ್ಟ ಟಾರ್ಪಿಡೊ ಬಡಿಯಿತು. ಸುಮಾರು ಇಪ್ಪತ್ತು ನಿಮಿಷ, ಅಷ್ಟೇ.

ಹಡಗಿನಲ್ಲಿ 80ಕ್ಕೂ ಜಾಸ್ತಿ ಜನ. ಬಹುಪಾಲು ನಮ್ಮ ದೇಶದ ಖಲಾಸಿಗಳು, ಬ್ರಿಟಿಷರ ಬಾಯಲ್ಲಿ 'ಲಸ್ಕರ್'. ಅದೇ ಹಡಗಿನ ಬಿಳಿಯರಿಗಿಂತ ಇವರಿಗೆ ಸಂಬಳ ಎಷ್ಟೋ ಕಡಿಮೆ. ಬಂಗಾಳದ ಸೆಖೆಯಿಂದ ನೇರ ಅಟ್ಲಾಂಟಿಕ್‌ನ ಫೆಬ್ರವರಿ ಚಳಿಗೆ! ಒಂದು ದೋಣಿ ಮಾತ್ರ ಹದಿಮೂರು ದಿನ ತೇಲಿತು. ಚಳಿ, ಬಾಯಾರಿಕೆಗೆ ಒಬ್ಬೊಬ್ಬರಾಗಿ ಸತ್ತರು. ಇಂಗ್ಲೆಂಡಿನ ಕಾರ್ನ್‌ವಾಲ್‌ನ ಲಿಜರ್ಡ್ ಕರಾವಳಿ ಕಾಣುವಾಗ ಕೆಲವರಷ್ಟೇ ಉಳಿದಿದ್ದರು. ದಡದ ಹತ್ತಿರ ಅಲೆಗೆ ದೋಣಿ ಮಗುಚಿತು. ಜೀವಂತ ಸಿಕ್ಕಿದ್ದು ಎರಡನೇ ಅಧಿಕಾರಿ ರಿಚರ್ಡ್ ಏರ್ಸ್ ಒಬ್ಬರೇ. ಅವರ ಛಲಕ್ಕೆ ಕೈ ಮುಗಿಯಬೇಕು, ಅದರಲ್ಲಿ ಎರಡು ಮಾತಿಲ್ಲ.

2011ರಲ್ಲಿ ಅಮೆರಿಕದ ಒಡಿಸ್ಸಿ ಮರೈನ್ ಕಂಪನಿ ಹಡಗನ್ನು ಪತ್ತೆ ಮಾಡಿತು, ಸುಮಾರು 4,700 ಮೀಟರ್ ಆಳದಲ್ಲಿ. ಎರಡು ವರ್ಷ ಎತ್ತಿ 2,792 ಗಟ್ಟಿ ತೆಗೆದರು. ಒಂದೊಂದನ್ನೂ ಎಣಿಸಿದ್ದಾರೆ ನೋಡಿ! ಬೆಳ್ಳಿಯ ಸುದ್ದಿ ಹತ್ತಾರು ಓದಿದೆ. ಲಸ್ಕರ್‌ಗಳಿಗೆ ಎಲ್ಲ ಕಡೆ ಒಂದೇ ಸಾಲು, 'ಇತರ ಸಿಬ್ಬಂದಿ'. ನಿಧಿಯ ಕಥೆ ಓಡುತ್ತೆ, ಖಲಾಸಿಯ ಕಥೆ ಯಾರಿಗೆ ಬೇಕು ಅಲ್ವಾ?

ಬೆಳ್ಳಿಯ ಜೊತೆ ಏಳುನೂರಕ್ಕೂ ಜಾಸ್ತಿ ಕಾಗದಗಳೂ ಮೇಲೆ ಬಂದವು. ಇಲ್ಲಿಂದ ಅಂಚೆಗೆ ಹಾಕಿದ್ದು, ಯಾರಿಗೂ ತಲುಪದೇ ಹೋದವು. ಎಪ್ಪತ್ತು ವರ್ಷ ನೀರಲ್ಲಿದ್ದರೂ ಓದಲು ಬರುತ್ತಿದ್ದವು ಅಂದ್ರೆ ನಂಬೋದು ಕಷ್ಟ.

ಬ್ರಿಟನ್ನಿನ ಟಂಕಸಾಲೆ ಆ ಬೆಳ್ಳಿಯಿಂದ ನಾಣ್ಯ ಮಾಡಿ ಮಾರಿತು. ನಾಣ್ಯದ ಅಂಚಿಗೆ ಸಣ್ಣ ಅಕ್ಷರದಲ್ಲಿ ಕೆತ್ತಿದ್ದಾರೆ: ಎಸ್‌ಎಸ್ ಗೇರ್‌ಸೊಪ್ಪಾ.